ಮನೆಗೆ ರೌಟರ್ ಒಂದು ಸಾಕೇ, ಮೂರು ಬೇಕೇ?

ಪಂಪ್‌ಸೆಟ್ ಕೊಳ್ಳುವಾಗ ನಮ್ಮ ರೈತರು ಬಾವಿಯ ಆಳ, ನೀರಿನ ಪ್ರಮಾಣ, ಪೈಪಿನ ಉದ್ದ ಎಲ್ಲವನ್ನೂ ಲೆಕ್ಕ ಹಾಕುತ್ತಾರೆ. 5 ಅಶ್ವಶಕ್ತಿ ಸಾಕಾಗುವ ಕಡೆ 10 ಅಶ್ವಶಕ್ತಿಯ ಮೋಟಾರು ತಂದವನನ್ನು ಕಂಡು ಊರೇ ನಗುತ್ತದೆ. ಆದರೆ ಮನೆಗೆ ಇಂಟರ್‌ನೆಟ್ ಬಂದಾಗ ಈ ಲೆಕ್ಕಾಚಾರ ಮರೆತುಹೋಗುತ್ತದೆ. ‘ಹಿಂದಿನ ಕೋಣೆಗೆ ವೈಫೈ ಬರುವುದಿಲ್ಲ’ ಎಂದರೆ ಸಾಕು, ಅಂಗಡಿಯವರು ಮೂರು ಪೆಟ್ಟಿಗೆಗಳ ‘ಮೆಶ್’ ಸೆಟ್ಟನ್ನು ಮುಂದಿಡುತ್ತಾರೆ. ಹಲವು ಸಾವಿರ ರೂಪಾಯಿ ಖರ್ಚಾಗುತ್ತದೆ. ಹೆಚ್ಚಿನ ಹಳ್ಳಿಮನೆಗಳಿಗೆ ಇದು ಅನಗತ್ಯವೆಂಬುದು ನನ್ನ ಅಭಿಪ್ರಾಯ.

ಇದು ಕೇವಲ ಸಿನಿಮಾ ನೋಡುವವರ ಪ್ರಶ್ನೆಯಲ್ಲ. ಮಲೆನಾಡಿನ ಎಷ್ಟೋ ಕಣಿವೆಗಳಲ್ಲಿ ಮೊಬೈಲ್ ಗೋಪುರದ ಸಂಕೇತ ಸಿಗುವುದಿಲ್ಲ. ಅಲ್ಲಿ ಫೋನ್ ಕರೆಯೂ ವೈಫೈ ಮೂಲಕವೇ ಹೋಗಬೇಕು. ನಡುರಾತ್ರಿ ಹಸು ಕರು ಹಾಕಲಾರದೆ ಒದ್ದಾಡುತ್ತಿರುವಾಗ, ಪಶುವೈದ್ಯರೊಡನೆ ಕೊಟ್ಟಿಗೆಯಲ್ಲಿ ನಿಂತೇ ಮಾತನಾಡುವುದಕ್ಕೂ ಅಂಗಳಕ್ಕೆ ಓಡಿಬಂದು ಮಾತನಾಡುವುದಕ್ಕೂ ವ್ಯತ್ಯಾಸವಿದೆ.

ಅಲೆಗಳ ಸ್ವಭಾವ

ರೌಟರು ಸಾಮಾನ್ಯವಾಗಿ ಎರಡು ಬಗೆಯ ರೇಡಿಯೋ ಅಲೆಗಳನ್ನು ಬಿಡುತ್ತದೆ. 2.4 ಗಿಗಾಹರ್ಟ್ಸ್‌ನದು ನಿಧಾನ. ಆದರೆ ದೂರ ಹೋಗುತ್ತದೆ, ಗೋಡೆಯನ್ನೂ ತಕ್ಕಮಟ್ಟಿಗೆ ದಾಟುತ್ತದೆ. 5 ಗಿಗಾಹರ್ಟ್ಸ್‌ನದು ವೇಗವಾದದ್ದು; ಆದರೆ ಒಂದೆರಡು ಗೋಡೆಗಳಿಗೇ ಸೋಲುತ್ತದೆ. ಬಯಲಿನಲ್ಲಿಯೂ ದೂರ ಎರಡು ಪಟ್ಟಾದರೆ ತಲುಪುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಇದರ ಮೇಲೆ ದಪ್ಪನೆಯ ಮಣ್ಣಿನ ಅಥವಾ ಕಲ್ಲಿನ ಗೋಡೆಗಳು ಬಂದರೆ ಹೇಳುವುದೇ ಬೇಡ. ತಗಡಿನ ಹೊದಿಕೆ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ. ನೀರಿನ ತೊಟ್ಟಿ ಅದನ್ನು ಹೀರಿಕೊಳ್ಳುತ್ತದೆ.

ಮೊದಲು ಜಾಗ ಬದಲಿಸಿ

ಸಂಪರ್ಕ ಕೊಡಲು ಬಂದವರು ತಂತಿ ಒಳಗೆ ಬರುವ ಮೂಲೆಯಲ್ಲಿಯೇ, ಸಾಮಾನ್ಯವಾಗಿ ಮುಂದಿನ ಕೋಣೆಯ ಟಿ.ವಿ.ಯ ಹಿಂದೆ, ಪೆಟ್ಟಿಗೆಯನ್ನು ಕೂರಿಸಿ ಹೋಗುತ್ತಾರೆ. ಅರ್ಧ ಸಂಕೇತ ಬೀದಿಯ ಪಾಲಾಗುತ್ತದೆ. ತಂತಿಯನ್ನು ನಡುಮನೆಯವರೆಗೆ ಎಳೆಯಿರೆಂದು ಆ ದಿನವೇ ಕೇಳಿಕೊಳ್ಳಬೇಕು. ಪೆಟ್ಟಿಗೆ ಆಳೆತ್ತರದಲ್ಲಿ, ಬಯಲಾಗಿ ಇರಲಿ. ಕಬ್ಬಿಣದ ಬೀರುವಿನೊಳಗೆ ಖಂಡಿತ ಬೇಡ. ತೊಟ್ಟಿಮನೆಯಾದರೆ ತೊಟ್ಟಿಯ ಸುತ್ತಣ ಜಗಲಿಯ ಕಂಬಕ್ಕೆ ಕಟ್ಟಿದ ಒಂದೇ ರೌಟರು ಸುತ್ತಲಿನ ಕೋಣೆಗಳಿಗೆ ಸಾಕಾಗುವ ಸಂಭವ ಹೆಚ್ಚು; ನಡುವಿನ ಬಯಲಿನಲ್ಲಿ ಅಲೆಗೆ ಅಡ್ಡಿಯಿಲ್ಲ.

ಬಳಿಕ ಅಳೆದು ನೋಡಿ. ಸಂಕೇತದ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ತೋರಿಸುವ ಉಚಿತ ಆ್ಯಪ್‌ಗಳು ಫೋನಿಗೆ ಸಿಗುತ್ತವೆ. -50ರ ಆಸುಪಾಸು ಉತ್ತಮ. -70ರವರೆಗೆ ಕೆಲಸ ನಡೆಯುತ್ತದೆ. -80 ದಾಟಿದರೆ ಮಾತು ತುಂಡಾಗುತ್ತದೆ. ಮನೆಯೆಲ್ಲ ಒಂದು ಸುತ್ತು ನಡೆದು ಕಾಗದದಲ್ಲಿ ಗುರುತು ಹಾಕಿಕೊಂಡರೆ ಕೊರತೆ ಎಲ್ಲಿದೆಯೆಂಬುದು ಗೊತ್ತಾಗುತ್ತದೆ.

ಎರಡನೆಯದು ಬೇಕಾದರೆ ತಂತಿ ಎಳೆಯಿರಿ

ಇಷ್ಟಾದರೂ ಒಂದು ಭಾಗ ಒಣಗಿಯೇ ಉಳಿದರೆ, ಅಲ್ಲಿಗೆ ಈಥರ್‌ನೆಟ್ ತಂತಿ ಎಳೆದು ಇನ್ನೊಂದು ಸಾಧಾರಣ ರೌಟರನ್ನು ‘ಆ್ಯಕ್ಸೆಸ್ ಪಾಯಿಂಟ್’ ಆಗಿ ಜೋಡಿಸುವುದು ಮೇಲು. ಈ ತಂತಿ 100 ಮೀಟರ್‌ವರೆಗೆ ವೇಗ ಕುಂದದಂತೆ ಕೆಲಸ ಮಾಡುತ್ತದೆ. ಎರಡಕ್ಕೂ ಒಂದೇ ಹೆಸರು, ಒಂದೇ ಗುಪ್ತಪದ ಕೊಡಬಹುದು.

ಒಂದು ಎಚ್ಚರಿಕೆ. ಮನೆಯಿಂದ ಕೊಟ್ಟಿಗೆಗೋ ಪಂಪ್ ಮನೆಗೋ ತಾಮ್ರದ ತಂತಿಯನ್ನು ಹೊರಗೆ ಎಳೆದರೆ, ಹತ್ತಿರದಲ್ಲಿ ಸಿಡಿಲು ಬಡಿದಾಗ ಅದರ ವಿದ್ಯುತ್ ತಂತಿಯ ಮೂಲಕ ಒಳನುಗ್ಗಿ ಎರಡೂ ಕಡೆಯ ಸಾಮಾನುಗಳನ್ನು ಸುಡಬಹುದು. ಕಟ್ಟಡದಿಂದ ಕಟ್ಟಡಕ್ಕೆ ಲೋಹವಿಲ್ಲದ ಫೈಬರ್ ತಂತಿಯನ್ನೇ ಬಳಸುವುದು ಕ್ಷೇಮ. ಎರಡು ತುದಿಗೂ ‘ಮೀಡಿಯಾ ಕನ್ವರ್ಟರ್’ ಎಂಬ ಸಣ್ಣ ಉಪಕರಣ ಬೇಕಾಗುತ್ತದೆ.

ಮೆಶ್ ಯಾರಿಗೆ?

ಮೆಶ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಗೋಡೆ ಕೊರೆಯುವಂತಿಲ್ಲದ ಬಾಡಿಗೆ ಮನೆ, ತಂತಿಗೆ ದಾರಿಯೇ ಇಲ್ಲದ ಮಹಡಿಯ ಮನೆ, ಇಂತಹ ಕಡೆ ಅದು ಉಪಯುಕ್ತ. ಆದರೆ ಎರಡು ಸಂಗತಿಗಳನ್ನು ತಿಳಿದಿರಬೇಕು. ಮೊದಲನೆಯದು, ಅಗ್ಗದ ಮೆಶ್ ಪೆಟ್ಟಿಗೆ ಒಂದೇ ಅಲೆಯಲ್ಲಿ ಮಾಹಿತಿಯನ್ನು ಪಡೆದು ಅದರಲ್ಲಿಯೇ ಮುಂದಕ್ಕೆ ಕಳಿಸಿದಾಗ ಪ್ರತಿ ಹಂತದಲ್ಲಿ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಪೆಟ್ಟಿಗೆಯನ್ನು ಸಂಕೇತ ಸತ್ತ ಜಾಗದಲ್ಲಿಟ್ಟರೂ ಫಲವಿಲ್ಲ. ನೀರು ಹರಿಯುವ ಕಡೆ ತೂಬು ಇಡುತ್ತೇವೆಯೇ ಹೊರತು ಒಣ ಕಾಲುವೆಯಲ್ಲಿ ಅಲ್ಲ. ಸಂಕೇತ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿಯೇ ಅದನ್ನು ಇಡಬೇಕು.

ಎರಡನೆಯದನ್ನು ಅಂಗಡಿಯವರು ಹೇಳುವುದಿಲ್ಲ. ಪ್ರತಿ ಪೆಟ್ಟಿಗೆಗೂ ಕರೆಂಟು ಬೇಕು. ತಲಾ 10 ವ್ಯಾಟ್ ಎಂದರೂ ಮೂರು ಪೆಟ್ಟಿಗೆಗಳಿಗೆ ತಿಂಗಳಿಗೆ 21 ಯೂನಿಟ್ಟಿನಷ್ಟಾಗುತ್ತದೆ. ಕರೆಂಟು ಹೋದರೆ ನಡುವಿನ ಪೆಟ್ಟಿಗೆ ಆರಿ, ಅದನ್ನು ನಂಬಿದ ಮುಂದಿನದೂ ನಿಷ್ಪ್ರಯೋಜಕವಾಗುತ್ತದೆ. ಒಂದೇ ರೌಟರಾದರೆ 12 ವೋಲ್ಟಿನ ಸಣ್ಣ ಬ್ಯಾಟರಿ ಯು.ಪಿ.ಎಸ್. ಕೆಲವು ಗಂಟೆ ನಡೆಸುತ್ತದೆ. ಮಳೆಗಾಲದ ಹಳ್ಳಿಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಕರೆಂಟು ಇಲ್ಲದ ರಾತ್ರಿಯೇ ಅಲ್ಲವೇ ಫೋನು ಹೆಚ್ಚು ಬೇಕಾಗುವುದು!

ಆದ್ದರಿಂದ ರೈತ ಬಾಂಧವರು ಮೊದಲು ರೌಟರಿನ ಜಾಗ ಬದಲಿಸಲಿ, ಬಳಿಕ ಅಳೆಯಲಿ, ಆಮೇಲೆ ತಂತಿ ಎಳೆಯಲಿ. ಇದಾವುದೂ ಆಗದಿದ್ದಾಗ ಮಾತ್ರ ಮೆಶ್ ಕೊಳ್ಳಲಿ. ಉಳಿದ ಹಣದಲ್ಲಿ ಬ್ಯಾಟರಿ ಕೊಂಡರೆ, ಕರೆಂಟು ಹೋದ ಹೊತ್ತಿನಲ್ಲಿ ಅದು ಕೈಹಿಡಿಯುತ್ತದೆ.