ಎತ್ತರದ ಶಿಬಿರದಲ್ಲಿ ಆತುರವೇಕೆ?

ಮೈಗಟ್ಟಿರುವ ಓಟಗಾರನಿಗೆ ಪರ್ವತವ್ಯಾಧಿಯ ಭಯವಿಲ್ಲವೆಂದು ನಂಬಿದವರು ಅನೇಕರು. ಈ ನಂಬಿಕೆಗೆ ಆಧಾರವಿಲ್ಲ. ಎತ್ತರದ ನೆಲೆಯಲ್ಲಿ ಶ್ವಾಸಕೋಶದೊಳಗೆ ನೀರು ತುಂಬುವ ರೋಗವನ್ನು 1960ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಹೂಸ್ಟನ್ನರು ವಿವರಿಸಿದಾಗ, ಅವರ ಮುಂದಿದ್ದ ರೋಗಿ ವೃದ್ಧನಲ್ಲ, ದುರ್ಬಲನೂ ಅಲ್ಲ. ಸ್ಕೀ ಕಟ್ಟಿ ಹಿಮದಲ್ಲಿ ಬಹುದೂರ ಸಾಗುತ್ತಿದ್ದ 21 ವರ್ಷದ ಆರೋಗ್ಯವಂತ ತರುಣ.

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿಯೂ ನೂರಕ್ಕೆ 21ರಷ್ಟೇ. ಆದರೆ ಸುಮಾರು 3500 ಮೀಟರ್ ಎತ್ತರದ ಲೇಹದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಆದುದರಿಂದ ಒಂದೊಂದು ಉಸಿರಿನಲ್ಲಿಯೂ ದೊರೆಯುವ ಆಮ್ಲಜನಕ ಕಡಿಮೆ. ಸ್ನಾಯುಗಳು ಎಷ್ಟು ಪಳಗಿದ್ದರೂ ಈ ಲೆಕ್ಕ ಬದಲಾಗದು. ನಮ್ಮ ಮುಳ್ಳಯ್ಯನಗಿರಿಯ ತುದಿಯೂ 2000 ಮೀಟರನ್ನು ಮುಟ್ಟದಿರುವಾಗ, ಕನ್ನಡನಾಡಿನ ಓಟಗಾರನು ಊರಿನಲ್ಲಿದ್ದುಕೊಂಡೇ ಅದಕ್ಕೆ ಒಗ್ಗಿಕೊಳ್ಳಲಾರನು.

ಎತ್ತರದ ತರಬೇತಿಯ ಉದ್ದೇಶವಾದರೂ ಏನು? ಆಮ್ಲಜನಕದ ಕೊರತೆಯನ್ನು ಅರಿತ ಮೂತ್ರಪಿಂಡಗಳು ಎರಿತ್ರೊಪೊಯೆಟಿನ್ ಎಂಬ ರಸವನ್ನು ಹೆಚ್ಚಾಗಿ ಸ್ರವಿಸುತ್ತವೆ. ಅದರಿಂದ ಕೆಂಪು ರಕ್ತಕಣಗಳು ವೃದ್ಧಿಯಾಗುತ್ತವೆ. ಇದು ವಾರಗಳ ಕೆಲಸ. ಹೀಗಿರುವಾಗ ಒಂದೇ ವಾರದ ಶಿಬಿರ ಹೂಡಿ, ವಿಮಾನದಿಂದಿಳಿದ ಮರುದಿನವೇ ಹುಡುಗರನ್ನು ಓಡಿಸುವುದು ಲಾಭವಿಲ್ಲದೆ ಅಪಾಯವನ್ನು ಕೊಂಡಂತೆ.

ಕ್ರೀಡಾಪಟುವಿಗೆ ಇನ್ನೊಂದು ವಿಶೇಷ ತೊಡಕೂ ಉಂಟು. ನೋವನ್ನು ನುಂಗುವುದೇ ಆತನು ಕಲಿತ ವಿದ್ಯೆ. ತಲೆನೋವು, ಓಕರಿಕೆ, ಅನ್ನ ಸೇರದಿರುವುದು, ನಿದ್ರೆಗೇಡು—ಮೊದಲ ಒಂದೆರಡು ದಿನಗಳಲ್ಲಿ ತೋರುವ ಈ ಚಿಹ್ನೆಗಳನ್ನು ಆತನು ದಣಿವೆಂದು ತಳ್ಳಿಹಾಕುತ್ತಾನೆ. ತಂಡದಲ್ಲಿ ಸ್ಥಾನ ತಪ್ಪೀತೆಂದು ಬಚ್ಚಿಡುವುದೂ ಉಂಟು. ಆದ್ದರಿಂದ ಎತ್ತರದಲ್ಲಿ ಹುಟ್ಟಿದ ತಲೆನೋವನ್ನು, ಬೇರೆ ಕಾರಣ ಸಿದ್ಧವಾಗುವವರೆಗೆ, ಪರ್ವತವ್ಯಾಧಿಯೆಂದೇ ಎಣಿಸಬೇಕು. ಪ್ರತಿದಿನ ಬೆಳಿಗ್ಗೆ ಪ್ರತಿಯೊಬ್ಬನನ್ನೂ ಬೇರೆ ಕರೆದು ವಿಚಾರಿಸುವುದು ತರಬೇತುದಾರನ ಕರ್ತವ್ಯವೆಂದು ನಮ್ಮ ಅಭಿಪ್ರಾಯ. ಹೇಳಿಕೊಂಡವನನ್ನು ಹೇಡಿಯೆನ್ನುವ ಗುರುವಿಗೆ ಶಿಬಿರವನ್ನು ಒಪ್ಪಿಸಲೇಬಾರದು.

ಮಾತ್ರೆಯಿಲ್ಲವೇ ಎಂದು ಕೇಳಬಹುದು. ಚಾರಣಿಗರು ಬಳಸುವ ಅಸಿಟಜೋಲಮೈಡ್ ಉಂಟು. ಆದರೆ ಅದು ಮೂತ್ರವರ್ಧಕವಾದುದರಿಂದ ಕ್ರೀಡೆಯಲ್ಲಿ ನಿಷಿದ್ಧ ದ್ರವ್ಯಗಳ ಪಟ್ಟಿಗೆ ಸೇರಿದೆ. ವಿಶೇಷ ಅನುಮತಿಯಿಲ್ಲದೆ ಸ್ಪರ್ಧಿಯು ಸೇವಿಸುವಂತಿಲ್ಲ. ಉಳಿಯುವ ಮದ್ದು ಕಾಲವೊಂದೇ. 3000 ಮೀಟರಿನಿಂದಾಚೆ ಮಲಗುವ ತಾಣವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಏರದೆ ತಂಗಬೇಕು. ಲೇಹಕ್ಕೆ ನೇರವಾಗಿ ಹಾರಿಹೋದವರಿಗೆ ಮೊದಲ ಎರಡು ದಿನ ವಿಶ್ರಾಂತಿಯೇ ಅಭ್ಯಾಸ.

ಈ ದಿನಗಳ ಖರ್ಚನ್ನು ಶಿಬಿರ ನಡೆಸುವವರು ಮೊದಲೇ ಲೆಕ್ಕದಲ್ಲಿ ಸೇರಿಸಬೇಕು. ಆಮ್ಲಜನಕದ ಸಿಲಿಂಡರನ್ನೂ ಒಂದು ವಾಹನವನ್ನೂ ಸಿದ್ಧವಾಗಿಟ್ಟಿರಬೇಕು. ಕುಳಿತಲ್ಲಿಯೇ ಏದುಸಿರು ಬಂದರೆ, ನಡಿಗೆ ತೂರಾಡಿದರೆ, ನಡುರಾತ್ರಿಯಾದರೂ ರೋಗಿಯನ್ನು ಕೆಳಗಿಳಿಸತಕ್ಕದ್ದು.