ಹತ್ತೊಂಬತ್ತು ಪಟ್ಟು ಎಂದರೆ, ಯಾರಿಗಿಂತ?

ನಿಮ್ಹಾನ್ಸ್ ಸಂಸ್ಥೆಯ ಮಾನ್ಯ ನಿರ್ದೇಶಕರಿಗೆ,

ನಾನು ವೈದ್ಯಳಲ್ಲ, ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವಳು. ಅಂಕಿಅಂಶ ಓದುವುದು ಹೇಗೆಂದು ತಿಳಿಸಲು ಆಪ್ತಸಮಾಲೋಚಕರ ತರಬೇತಿಗಳಿಗೆ ಆಗಾಗ ಹೋಗುತ್ತೇನೆ. ಅಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: ಲಿಂಗ ಪರಿವರ್ತನೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಆತ್ಮಹತ್ಯೆ ಹತ್ತೊಂಬತ್ತು ಪಟ್ಟು ಹೆಚ್ಚಂತೆ. ಆ ‘ಅಂತೆ’ಯ ಬೆನ್ನಿಗೇ ತೀರ್ಮಾನವೂ ಬರುತ್ತದೆ: ಆದ್ದರಿಂದ ಚಿಕಿತ್ಸೆ ಕೊಡದಿರುವುದೇ ಕ್ಷೇಮ.

ಸಂಖ್ಯೆ ಸುಳ್ಳಲ್ಲ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಸಂಶೋಧಕರು 2011ರಲ್ಲಿ ಪ್ರಕಟಿಸಿದ್ದು. 1973ರಿಂದ 2003ರೊಳಗೆ ಶಸ್ತ್ರಚಿಕಿತ್ಸೆ ಪಡೆದ 324 ಮಂದಿ ಒಂದು ಕಡೆ, ಒಬ್ಬೊಬ್ಬರಿಗೆ ಹತ್ತರಂತೆ ಆರಿಸಿದ 3,240 ಸಾಮಾನ್ಯ ನಾಗರಿಕರು ಇನ್ನೊಂದು ಕಡೆ. ಮೊದಲ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು 10, ಎರಡನೆಯದರಲ್ಲಿ 5. ಇತರ ಅಂಶಗಳನ್ನು ಸರಿಹೊಂದಿಸಿದ ಮೇಲೆ ಅದರಿಂದ ಬಂದದ್ದು 19.1 ಪಟ್ಟು. ಹತ್ತು ಮತ್ತು ಐದು ಸಾವುಗಳ ಮೇಲೆ ನಿಂತ ಅನುಪಾತ ಎಷ್ಟು ಅಲುಗಾಡಬಲ್ಲದು ಎಂಬುದನ್ನು ತಮಗೆ ಹೇಳಬೇಕಿಲ್ಲ.

ಅದಕ್ಕಿಂತ ದೊಡ್ಡ ತಕರಾರು ಹೋಲಿಕೆಯದು. ಚಿಕಿತ್ಸೆ ಪಡೆದವರನ್ನು ಚಿಕಿತ್ಸೆ ಸಿಗದೆ ಕಾದು ಕೂತ ಅಂಥವರ ಜೊತೆಯೇ ಹೋಲಿಸಿಲ್ಲ. ಹುಟ್ಟಿನ ಲಿಂಗದ ಬಗೆಗಿನ ಸಂಕಟವೇ ಇಲ್ಲದ ಜನರ ಜೊತೆ ಹೋಲಿಸಲಾಗಿದೆ. ಹೃದಯದ ಆಪರೇಷನ್ ಆದವರನ್ನು ಬೆಳಗ್ಗೆ ಲಾಲ್‌ಬಾಗಿನಲ್ಲಿ ಓಡುವವರ ಪಕ್ಕ ನಿಲ್ಲಿಸಿ, ಆಪರೇಷನ್ನಿಂದಲೇ ಆಯಸ್ಸು ಕಡಿಮೆಯಾಯಿತು ಎಂದರೆ ತಾವು ಒಪ್ಪುತ್ತೀರಾ? ಈ ಎಚ್ಚರಿಕೆಯನ್ನು ಸಂಶೋಧಕರೇ ಪ್ರಬಂಧದಲ್ಲಿ ಬರೆದಿದ್ದಾರೆ. ಒಟ್ಟಾರೆ ಸಾವಿನ ಪ್ರಮಾಣ ಗಣನೀಯವಾಗಿ ಹೆಚ್ಚಿದ್ದದ್ದು 1989ಕ್ಕೆ ಮೊದಲು ಚಿಕಿತ್ಸೆ ಪಡೆದವರಲ್ಲಿ ಮಾತ್ರ ಎಂದೂ ಹೇಳಿದ್ದಾರೆ. ತರಬೇತಿಯ ಸ್ಲೈಡಿಗೆ ಈ ಯಾವುದೂ ಹತ್ತುವುದಿಲ್ಲ.

ನಾನು ಯಾರ ಪರ ಎಂದು ತಾವು ಈಗಾಗಲೇ ಊಹಿಸಿರಬಹುದು. ಆದರೆ ನನ್ನ ಪಕ್ಷದವರ ಲೆಕ್ಕವೂ ಚೊಕ್ಕವಲ್ಲ. ಅದೇ ಸ್ವೀಡನ್ನಿನ 2,679 ಮಂದಿಯ ದಾಖಲೆ ನೋಡಿ 2019ರಲ್ಲಿ ಇನ್ನೊಂದು ಪ್ರಬಂಧ ಬಂತು. ಶಸ್ತ್ರಚಿಕಿತ್ಸೆಯಾಗಿ ವರ್ಷ ಕಳೆದಂತೆ ಮಾನಸಿಕ ಚಿಕಿತ್ಸೆಯ ಅಗತ್ಯ ತಗ್ಗುತ್ತದೆ ಎಂದಿತು. ಸಂಭ್ರಮದಿಂದ ಹಂಚಿಕೊಂಡವರು ಬಹಳ. ಆಕ್ಷೇಪಗಳು ಬಂದ ಮೇಲೆ, ಶಸ್ತ್ರಚಿಕಿತ್ಸೆ ಆದವರನ್ನೂ ಆಗದವರನ್ನೂ ಹೋಲಿಸಿ ನೋಡಿದರೆ ಅಂಥ ಲಾಭ ಕಾಣಲಿಲ್ಲ. 2020ರ ಆಗಸ್ಟಿನಲ್ಲಿ ಅದನ್ನು ಪ್ರಕಟಿಸಿದ್ದ ಪತ್ರಿಕೆ ತಿದ್ದುಪಡಿ ಹಾಕಿತು. ಮೂಲ ಪ್ರಬಂಧ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಇನ್ನೂ ಸುತ್ತುತ್ತಿದೆ, ತಿದ್ದುಪಡಿ ಸುತ್ತುತ್ತಿಲ್ಲ. ನಮ್ಮವರ ‘ಚಿಕಿತ್ಸೆ ಕೊಡಿ, ಇಲ್ಲವಾದರೆ ಸಾಯುತ್ತಾರೆ’ ಎಂಬ ಘೋಷಣೆಯನ್ನು ಹದಿನೇಳರ ಮಗುವೂ ಕೇಳಿಸಿಕೊಳ್ಳುತ್ತಿರುತ್ತದೆ ಎಂಬುದು ಕೂಗುವವರಿಗೆ ನೆನಪಿರುವುದಿಲ್ಲ.

ಇನ್ನು ನಮ್ಮದೇ ಅಂಕಿಗಳಿಗೆ ಬರುತ್ತೇನೆ. ಈ ಪತ್ರ ಬರೆದದ್ದೇ ಅದಕ್ಕಾಗಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2021ರಲ್ಲಿ ದೇಶದಲ್ಲಿ 1,64,033 ಮಂದಿ ಆತ್ಮಹತ್ಯೆಯಿಂದ ಸತ್ತರು, ಅವರಲ್ಲಿ ಟ್ರಾನ್ಸ್‌ಜೆಂಡರ್ ಎಂದು ದಾಖಲಾದವರು 28. ಮರುವರ್ಷ ಒಟ್ಟು ಸಂಖ್ಯೆ 1,70,924ಕ್ಕೆ ಏರಿತು. ಟ್ರಾನ್ಸ್‌ಜೆಂಡರ್ ಕಾಲಂನಲ್ಲಿ ಮತ್ತದೇ 28. 2011ರ ಜನಗಣತಿ ‘ಇತರೆ’ ಎಂದು ಎಣಿಸಿದ್ದು ಸುಮಾರು 4.88 ಲಕ್ಷ ಜನರನ್ನು. ಭಾಗಿಸಿದರೆ ಲಕ್ಷಕ್ಕೆ ಆರೂ ಆಗುವುದಿಲ್ಲ; ದೇಶದ ಸರಾಸರಿ 12. ಜನಗಣತಿ ಕಡಿಮೆ ಎಣಿಸಿತ್ತು ಎಂದು ಸಮುದಾಯದವರು ಹೇಳುವುದನ್ನು ಒಪ್ಪಿದರೆ ದರ ಇನ್ನೂ ಕೆಳಗಿಳಿಯುತ್ತದೆ. ಸ್ವೀಡನ್ನಿನಲ್ಲಿ ಹತ್ತೊಂಬತ್ತು ಪಟ್ಟು ಹೆಚ್ಚು, ಭಾರತದಲ್ಲಿ ಅರ್ಧಕ್ಕೂ ಕಡಿಮೆ! ಮನೆಯಿಂದ ಹೊರಬಿದ್ದು, ಸಿಗ್ನಲ್‌ಗಳಲ್ಲಿ ಕೈಚಾಚಿ, ಬಾಡಿಗೆಗೆ ಕೋಣೆ ಸಿಗದೆ ಅಲೆಯುವವರು ನಮ್ಮೆಲ್ಲರಿಗಿಂತ ನೆಮ್ಮದಿಯಾಗಿದ್ದಾರೆ ಎಂದು ಈ ಲೆಕ್ಕ ಹೇಳುತ್ತದೆ.

ನಂಬುವವರು ಯಾರೂ ಇಲ್ಲ, ನಾನೂ ನಂಬುವುದಿಲ್ಲ. ಲೆಕ್ಕ ತಪ್ಪುವುದು ದಾಖಲಿಸುವಾಗಲೇ. ಹೆಣ ಪಡೆಯಲು ಠಾಣೆಗೆ ಬರುವವರು ಬಹುಪಾಲು ಹೆತ್ತವರು ಅಥವಾ ಅಣ್ಣತಮ್ಮಂದಿರು. ಅವರು ಹೇಳುವುದು ಶಾಲೆಯ ದಾಖಲಾತಿಯ ಹೆಸರು. ಅಸಹಜ ಸಾವಿನ ವರದಿಯಲ್ಲಿ (ಯುಡಿಆರ್) ‘ಗಂಡಸು, ವಯಸ್ಸು ಇಪ್ಪತ್ತಾರು, ಜೀವನದಲ್ಲಿ ಜಿಗುಪ್ಸೆ’ ಎಂದಾಗುತ್ತದೆ. ಮಗಳೆಂದು ಸಾಕಿದ ಹಿಜ್ರಾ ಗುರು ಠಾಣೆಯ ಗೇಟಿನ ಹೊರಗೇ ನಿಂತಿರುತ್ತಾಳೆ. ಟ್ರಾನ್ಸ್ ಗಂಡಸರ ವಿಷಯದಲ್ಲಂತೂ ಹಾಗೆ ಗೇಟಿನ ಬಳಿ ಬಂದು ನಿಲ್ಲಲು ಹಿಜ್ರಾಗಳಿಗಿರುವಂಥ ಜಮಾತೂ (ಗುರು-ಚೇಲಾಗಳ ಕೂಟ) ಇಲ್ಲ.

ತಮ್ಮ ಸಂಸ್ಥೆಗೇ ಏಕೆ ಬರೆದೆ ಎಂದರೆ, ಹನ್ನೆರಡು ರಾಜ್ಯಗಳಲ್ಲಿ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿದವರು ತಾವು. ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದವರ ಜೊತೆ ಮಾತಾಡುವ ಟೆಲಿ-ಮನಸ್ ಸಲಹೆಗಾರರ ತರಬೇತಿಯೂ ತಮ್ಮ ಉಸ್ತುವಾರಿಯಲ್ಲಿದೆ. ಆ ತರಬೇತಿಯಲ್ಲಿ ಈ ಹತ್ತೊಂಬತ್ತನ್ನು ಹೇಳುವುದಾದರೆ ಯಾರಿಗೆ ಹೋಲಿಸಿ ಬಂದದ್ದು ಎಂಬುದನ್ನೂ ಕೂಡಿಸಿ ಹೇಳಿ; ಹೇಳಲು ಪುರುಸೊತ್ತಿಲ್ಲವಾದರೆ ಸಂಖ್ಯೆಯನ್ನೇ ಬಿಡಿ.

ಎರಡನೆಯ ಕೋರಿಕೆ ಸ್ವಲ್ಪ ಶ್ರಮದ್ದು. ಪೊಲೀಸ್ ಇಲಾಖೆಯ ಅನುಮತಿ ಪಡೆದು ಬೆಂಗಳೂರಿನ ಕೆಲವು ಠಾಣೆಗಳ ಹಳೆಯ ಯುಡಿಆರ್ ಕಡತಗಳನ್ನು ಮತ್ತೆ ಓದಿಸಿ. ಅನುಮಾನ ಬಂದ ಕಡೆ ಮನೆಯವರನ್ನಷ್ಟೇ ಅಲ್ಲ, ಜಮಾತಿನವರನ್ನೂ ಗೆಳೆಯರನ್ನೂ ಮಾತಾಡಿಸಿ. ಎಷ್ಟು ‘ಗಂಡಸರು’, ಎಷ್ಟು ‘ಹೆಂಗಸರು’ ಕಾಲಂ ಬದಲಿಸುತ್ತಾರೋ ನೋಡೋಣ. ಕೈಬರಹದ ಪಂಚನಾಮೆ ಓದಿ ಅಂಕಿ ತೆಗೆಯಬಲ್ಲ ಎಂಎಸ್‌ಸಿ ವಿದ್ಯಾರ್ಥಿಗಳು ಬೇಕಾದರೆ ನಾನು ಕಳುಹಿಸಿಕೊಡುತ್ತೇನೆ, ತಾವು ಬಸ್ ಚಾರ್ಜು ಕೊಟ್ಟರೆ ಸಾಕು.

ಇಂತಿ,
ಒಬ್ಬ ಸಂಖ್ಯಾಶಾಸ್ತ್ರ ಅಧ್ಯಾಪಕಿ