ಮತ್ತ ಕನ್ನಡ ಚಾಲೂ ಆತು!



ಈ ಸಲ ನಿಮಗೆ ಉಪದೇಶ ಮಾಡುವುದಿಲ್ಲ. ಅದನ್ನು ನೀವು ಮನೆಯಲ್ಲಿಯೂ ಸಂಘದ ಸಭೆಗಳಲ್ಲಿಯೂ ಬೇಕಾದಷ್ಟು ಕೇಳಿದ್ದೀರಿ. ಬದಲಾಗಿ, ತಂದೆಯಾಗಿ ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ.

1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಥಾಣೆಗೆ 34 ಕಿಲೋಮೀಟರ್ ದೂರ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. ಮರುವರ್ಷ ಹಳಿ ಕಲ್ಯಾಣಕ್ಕೆ ಬಂತು. ಆ ಹಳಿಯ ಮೇಲೆಯೇ ನನ್ನಂಥವರ ಸಂಸಾರ ನಡೆದಿದೆ. ಗದಗದ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ಮನೆ ಮಾಡಿದೆ. ಬೆಳಿಗ್ಗೆ ಏಳರ ಫಾಸ್ಟ್ ಲೋಕಲ್ ಹಿಡಿದು ಹೋದರೆ ಮರಳಿ ಮನೆ ಸೇರುವುದು ರಾತ್ರಿ ಎಂಟೂವರೆಗೆ. ನಾನು ಹೊರಡುವಾಗ ಮಕ್ಕಳು ನಿದ್ದೆಯಲ್ಲಿ, ಬರುವಾಗ ತೂಕಡಿಕೆಯಲ್ಲಿ. ಮಗ ಶಾಲೆಯ ಖೋ ಖೋ ತಂಡದಲ್ಲಿದ್ದ. ಅವನ ಒಂದು ಪಂದ್ಯವನ್ನೂ ನಾನು ನೋಡಲಿಲ್ಲ. ನಿಮ್ಮಲ್ಲಿ ಹಲವರಿಗೆ ಇದು ಹೊಸ ಕತೆಯೇನಲ್ಲ.

2015ರ ಆಗಸ್ಟ್‌ನಲ್ಲಿ ಪ್ರೊ ಕಬಡ್ಡಿಯ ಫೈನಲ್ ಮುಂಬಯಿಯಲ್ಲೇ ನಡೆಯಿತು. ಎದುರುಬದುರಾದವರು ಯಾರು? ಯು ಮುಂಬಾ ಮತ್ತು ಬೆಂಗಳೂರು ಬುಲ್ಸ್! ಮನೆಯಲ್ಲಿ ಎರಡು ಪಕ್ಷವಾಯಿತು. ಹನ್ನೊಂದು ವರ್ಷದ ಮಗ ಮುಂಬಯಿಯ ಕಡೆ, ನಾನು ಬೆಂಗಳೂರಿನ ಕಡೆ. ಟಿ.ವಿ.ಯ ಮುಂದೆ ಇಬ್ಬರೂ ಕೂಗಿದ್ದೇ ಕೂಗಿದ್ದು. ಕೊನೆಗೆ ಯು ಮುಂಬಾ 36-30ರಿಂದ ಗೆದ್ದಿತು. ಮಗ ಕುಣಿದಾಡಿದ. ನನಗೆ ಸೋತ ಬೇಸರಕ್ಕಿಂತ ಅವನ ಜೊತೆ ಕೂತ ಖುಷಿಯೇ ಹೆಚ್ಚಾಗಿತ್ತು. ಆದರೆ ಗಡಿಯಾರ ನೋಡಿದವನೇ ಹಳೆಯ ಅಪ್ಪನಾಗಿಬಿಟ್ಟೆ. "ಸಾಕು, ಟಿ.ವಿ. ಬಂದ್ ಮಾಡು. ನಾಳೆ ಸಾಲಿ ಐತಿ, ಹೋಗಿ ಮಲಕೋ" ಎಂದೆ.

ಅವನು ನಗುತ್ತಲೇ ಅಂದ: "ಅಪ್ಪಾ, ಮತ್ತ ಕನ್ನಡ ಚಾಲೂ ಆತು!"

ಆಗ ಮನೆಮಂದಿಯೆಲ್ಲ ನಕ್ಕೆವು. ಆ ಮಾತಿನ ಅರ್ಥ ನನಗೆ ತಿಳಿದದ್ದು ಬಹಳ ತಡವಾಗಿ. ಆಟ ನಡೆದಷ್ಟು ಹೊತ್ತೂ ನಾವಿಬ್ಬರೂ ಮಾತಾಡಿದ್ದು ಮರಾಠಿ-ಹಿಂದಿಯ ಮಿಶ್ರಣದಲ್ಲಿ. ಬೈಯುವ ಹೊತ್ತಿಗೆ ನನ್ನ ಬಾಯಿಗೆ ಕನ್ನಡ ಬಂದಿತ್ತು. ಏಳು, ಜಳಕ ಮಾಡು, ಓದು, ಸುಮ್ಮನಿರು, ಉಣ್ಣು, ಮಲಗು: ನನ್ನ ಮಗ ಮನೆಯಲ್ಲಿ ಕೇಳಿದ ಕನ್ನಡವೆಲ್ಲ ಅಪ್ಪಣೆಯ ಕನ್ನಡ. ನಗುವುದು, ಆಡುವುದು, ಗೆಲ್ಲುವುದು ಬೇರೆ ಭಾಷೆಯಲ್ಲಿ. ಹೀಗಿರುವಾಗ ಯಾವ ಹುಡುಗನಿಗೆ ತಾನೇ ತಾಯ್ನುಡಿ ಸಿಹಿಯಾದೀತು?

2020ರ ಮಾರ್ಚ್‌ನಲ್ಲಿ ಲೋಕಲ್ ಗಾಡಿಗಳೇ ನಿಂತುಹೋದವು. ಮದುವೆಯಾದ ಮೇಲೆ ಮೊದಲ ಬಾರಿಗೆ ತಿಂಗಳುಗಟ್ಟಲೆ ಮನೆಯಲ್ಲಿದ್ದೆ. ಮಗಳಿಗೆ ಆಗ ಎಂಟು ವರ್ಷ. ಸಂಜೆ ನಮ್ಮ ಕಟ್ಟಡದ ಗಚ್ಚಿಯ ಮೇಲೆ ಒಡೆದ ಟೈಲ್ಸಿನ ಚೂರುಗಳನ್ನು ಒಂದರ ಮೇಲೊಂದು ಇಟ್ಟು, ಹಳೆಯ ಕಾಲುಚೀಲವನ್ನು ಚೆಂಡು ಮಾಡಿ, ಅವಳಿಗೆ ಲಗೋರಿ ಕಲಿಸಿದೆ. ಆಡುತ್ತಾ ಆಡುತ್ತಾ ನನ್ನ ಬಾಲ್ಯದ ಮಾತುಗಳು ತಾವಾಗಿಯೇ ಹೊರಬಂದವು. ಲಗೋರಿ ಮರಾಠಿಯಲ್ಲೂ ಲಗೋರಿಯೇ. ನಮ್ಮ ಚಿಣಿಫಣಿ ಇಲ್ಲಿಯ ವಿಟಿದಾಂಡು. ನಮ್ಮ ಗಿಡಮಂಗನ ಆಟ ಇಲ್ಲಿಯ ಸೂರಪಾರಂಬ್ಯಾ. ಒಂದೊಂದು ಆಟಕ್ಕೂ ಎರಡೆರಡು ಹೆಸರು ಗೊತ್ತೆಂದು ಮಗಳಿಗೆ ಹೆಮ್ಮೆ.

ಹತ್ತನೆಯ ತರಗತಿ ಮುಗಿಸಿದ್ದ ಮಗನನ್ನೂ ಕರೆದೆ. "ನೀವು ಆಡ್ರಿ ಅಪ್ಪಾ" ಎಂದು ಮೊಬೈಲಿನತ್ತ ತಿರುಗಿದ. ಅವನಿಗೆ ಸಿಟ್ಟಿರಲಿಲ್ಲ. ನನ್ನ ಜೊತೆ ಆಡುವ ರೂಢಿ ಇರಲಿಲ್ಲ, ಅಷ್ಟೇ.

ಗಾಡಿಗಳು ಮತ್ತೆ ಎಲ್ಲರಿಗೂ ತೆರೆದ ಮೇಲೆ ಮಗಳೂ ನಾನೂ ಒಂದು ನೇಮ ಮಾಡಿಕೊಂಡೆವು. ತಿಂಗಳಿಗೊಂದು ರವಿವಾರ ತಿರುಗಾಟ. ಮನೆ ಬಿಟ್ಟು ಮನೆ ಸೇರುವ ತನಕ ಕನ್ನಡವೇ ಮಾತು, ಆದರೆ ಅಪ್ಪಣೆಯ ಮಾತು ಮಾತ್ರ ಆಡಕೂಡದು. ಮೊದಲು ಹೋದದ್ದು ಅಂಬರನಾಥಕ್ಕೆ. ಕರ್ಜತ್ ಕಡೆಯ ಲೋಕಲ್ ಹತ್ತಿದರೆ ಡೊಂಬಿವಲಿಯಿಂದ ಐದನೆಯ ನಿಲ್ದಾಣ. ವಾಲಧುನಿ ನದಿಯ ದಂಡೆಯ ಮೇಲಿರುವ ಆ ಶಿವಾಲಯ 1060ರದು. ಗರ್ಭಗುಡಿಗೆ ಮೆಟ್ಟಿಲಿಳಿದು ಹೋಗಬೇಕು. ಹೊರಗೋಡೆಯ ಶಿಲ್ಪಗಳನ್ನು ಎಣಿಸಲು ಹೋಗಿ ಮಗಳು ನಡುವೆಯೇ ಸೋತಳು. "ಇದನ್ನ ಯಾರು ಕಟ್ಟಿಸಿದ್ರು?" ಎಂದು ಕೇಳಿದಳು.

ಥಾಣೆಯನ್ನು ರಾಜಧಾನಿ ಮಾಡಿಕೊಂಡಿದ್ದ ಶಿಲಾಹಾರರು ಎಂದೆ. ಅವರ ಹಿರಿಯರು ಮೊದಲು ನಮ್ಮ ರಾಷ್ಟ್ರಕೂಟರ ಸಾಮಂತರಾಗಿದ್ದರು. 'ಕವಿರಾಜಮಾರ್ಗ' ಹುಟ್ಟಿದ್ದು ಯಾವ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲೋ, ಆ ದೊರೆಯ ಹೆಸರು ಬೆಟ್ಟದಾಚೆಯ ಕಾನ್ಹೇರಿ ಗುಹೆಗಳ ಶಾಸನದಲ್ಲಿದೆ ಎಂದೂ ಹೇಳಿದೆ. ಅವಳು ಕಣ್ಣರಳಿಸಿ, "ಹಂಗಂದ್ರ ನಮ್ಮವರು ಇಲ್ಲಿಗೆ ಮೊದಲೇ ಬಂದಿದ್ರೇನು?" ಎಂದಳು. "ಬಂದಿದ್ರವ್ವಾ, ಲೋಕಲ್ ಗಾಡಿ ಇಲ್ಲದನ!" ಎಂದೆ.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. 2025ರ ನವೆಂಬರ್ 2ರಂದು ನವಿಮುಂಬಯಿಯ ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಮ್ಮ ಹುಡುಗಿಯರು ದಕ್ಷಿಣ ಆಫ್ರಿಕವನ್ನು 52 ಓಟಗಳಿಂದ ಸೋಲಿಸಿ ಮೊದಲ ಬಾರಿಗೆ ವಿಶ್ವಕಪ್ ಗೆದ್ದರು. ಮಳೆಯಿಂದ ಆಟ ತಡವಾಗಿ ಶುರುವಾಗಿತ್ತು, ಮುಗಿಯುವಾಗ ನಡುರಾತ್ರಿ. ಮರುದಿನ ಬೆಳಿಗ್ಗೆ ಊರಿನಿಂದ ಅಜ್ಜನ ಫೋನು. ನನ್ನ ತಂದೆಗೆ ಕಣ್ಣು ಮಂಜು, ಟಿ.ವಿ. ಕಾಣುವುದಿಲ್ಲ. ಮಗಳು ಫೋನು ಹಿಡಿದು ಇಡೀ ಪಂದ್ಯವನ್ನು ಹೇಳತೊಡಗಿದಳು. ದೀಪ್ತಿ ಹೇಗೆ ಎಸೆದಳು, ಚೆಂಡು ಎಷ್ಟು ಮೇಲೆ ಹೋಯಿತು, ಹರ್ಮನ್‌ಪ್ರೀತ್ ಹೇಗೆ "ಹಿಂದಕ್ಕ ಹಿಂದಕ್ಕ ಓಡಿ ಹಿಡದಳು" ಎಂಬುದೆಲ್ಲ. ನಡುವೆ ಮರಾಠಿ ಶಬ್ದಗಳೂ ಇಂಗ್ಲಿಷ್ ಶಬ್ದಗಳೂ ಬಂದವು, ಬರಲಿ ಬಿಡಿ. ಆ ಕಡೆ ಅಜ್ಜ ಮಗುವಿನಂತೆ "ಮುಂದ? ಮುಂದ?" ಎನ್ನುತ್ತಿದ್ದರು.

ಬಳಿಕ ಮಗ ಫೋನು ತೆಗೆದುಕೊಂಡ. "ಅಜ್ಜಾ, ಆರಾಮ ಇದ್ದೀರಿ? ಊಟ ಆತು?" ಎಂದ. ಮುಂದಿನ ಮಾತು ಹೊಳೆಯದೆ ನನ್ನ ಕೈಗೆ ಕೊಟ್ಟ. ಅಜ್ಜ ನನಗೆ ಹೇಳಿದರು: "ಹುಡುಗಿ ಕಣ್ಣಿಗೆ ಕಟ್ಟಿದಂಗ ಹೇಳಿದಳು. ಹುಡುಗ ಯಾಕೋ ಗಡಿಬಿಡ್ಯಾಗ ಇದ್ದಂಗ ಕಾಣಸ್ತದ."

ಅವನಿಗೆ ಯಾವ ಗಡಿಬಿಡಿಯೂ ಇರಲಿಲ್ಲ. ಹಿಂದಿನ ರಾತ್ರಿ ಆ ಕ್ಯಾಚಿಗೆ ಎಲ್ಲರಿಗಿಂತ ಜೋರಾಗಿ ಕೂಗಿದವನು ಅವನೇ. ಅದನ್ನು ಅಜ್ಜನಿಗೆ ಹೇಳುವ ಮಾತು ಅವನ ಬಳಿ ಇರಲಿಲ್ಲ. ಅದನ್ನು ಕೊಡಬೇಕಾಗಿದ್ದವನು ನಾನು.

ಮಿತ್ರರೇ, ನಿಮ್ಮಲ್ಲಿ ಕೆಲವರು ನನ್ನ ಮಗಳಂತೆ, ಬಹಳ ಮಂದಿ ನನ್ನ ಮಗನಂತೆ ಇದ್ದೀರಿ ಎಂದು ಬಲ್ಲೆ. ಕನ್ನಡ ಬಾರದೆಂದು ನಾಚಬೇಡಿ. ಅದರಲ್ಲಿ ನಮ್ಮ ಪಾಲು ದೊಡ್ಡದು. ಆದರೆ ನಾವು ಮರೆತದ್ದನ್ನು ನೀವು ಕೇಳಿ ಪಡೆಯಬಹುದು. ಬರುವ ರವಿವಾರ ಅಪ್ಪನನ್ನೋ ಅಮ್ಮನನ್ನೋ ಹೊರಗೆ ಕರೆದುಕೊಂಡು ಹೋಗಿ. ಥಾಣೆಯವರಿಗೆ ಮಾಸುಂದಾ ಕೆರೆಯಿದೆ, ಕಲ್ಯಾಣದವರಿಗೆ ದುರ್ಗಾಡಿ ಕೋಟೆಯಿದೆ. "ನೀವು ಸಣ್ಣವರಿದ್ದಾಗ ಯಾವ ಆಟ ಆಡತಿದ್ರಿ?" ಎಂದು ಒಂದೇ ಪ್ರಶ್ನೆ ಕೇಳಿ ನೋಡಿ. ಬೈಯುವ ಬಾಯಿಂದ ಎಂಥ ಕನ್ನಡ ಬರುತ್ತದೆಂದು ನೀವೇ ಬೆರಗಾಗುತ್ತೀರಿ.

ಅಂದ ಹಾಗೆ, ಬರುವ ರವಿವಾರ ಅಂಬರನಾಥಕ್ಕೆ ಮಗನೂ ಬರುತ್ತಾನಂತೆ. ಇಪ್ಪತ್ತೊಂದರ ಹುಡುಗ, ನೌಕರಿಗೆ ಸೇರಿದ್ದಾನೆ. ಟಿಕೆಟ್ ತಾನೇ ತೆಗೆಸುತ್ತೇನೆ ಎಂದಿದ್ದಾನೆ, ಅದೂ ಕನ್ನಡದಲ್ಲಿ!